ಉದ್ಯೋಗವೂ ಚಿತ್ತಸ್ವಾಸ್ಥ್ಯವೂ

ದೊಡ್ಡ ಅಧಿಕಾರಿಗೆ ದೊಡ್ಡ ಚಿಂತೆ. ಬಾಗಿಲಲ್ಲಿ ಮುಕ್ಕಾಲಿಯ ಮೇಲೆ ಕುಳಿತ ಜವಾನನಿಗೆ ಯಾವ ಚಿಂತೆ? ಹೀಗೆಂದು ನಾವೆಲ್ಲರೂ ನಂಬಿಕೊಂಡಿರುವೆವು. ನಾನು ಹೆಡ್‌ಮಾಸ್ತರನಾಗಿದ್ದಾಗ ಶಾಲೆಯ ಜವಾನನನ್ನು ನೋಡಿ, ‘ಈತನೇ ಪುಣ್ಯವಂತ, ಗಂಟೆ ಬಾರಿಸಿದರೆ ಮುಗಿಯಿತು’ ಎಂದು ಎಷ್ಟೋ ಸಲ ಅಂದುಕೊಂಡುದುಂಟು. ಈ ನಂಬಿಕೆಯನ್ನು ಬುಡಮೇಲು ಮಾಡಿದ ಒಂದು ಪರಿಶೋಧನೆಯ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡುತ್ತೇನೆ.

ಲಂಡನ್ ನಗರದಲ್ಲಿ ವೈಟ್‌ಹಾಲ್ ಎಂಬ ಬೀದಿಯುಂಟು. ಸರ್ಕಾರದ ಮುಖ್ಯ ಕಚೇರಿಗಳು ಅಲ್ಲಿರುವುದರಿಂದ ಆ ಹೆಸರು ಸರ್ಕಾರಿ ಆಡಳಿತಕ್ಕೇ ಪರ್ಯಾಯಪದವಾಗಿದೆ. 1967ರಲ್ಲಿ ಮೊದಲುಗೊಂಡು ಲಂಡನ್ನಿನ 17,000ಕ್ಕೂ ಮಿಕ್ಕ ಪುರುಷ ನೌಕರರ ದೇಹಪರೀಕ್ಷೆ ನಡೆಸಿ, ಅವರಲ್ಲಿ ಯಾರು ಯಾವ ರೋಗದಿಂದ ಮಡಿದರೆಂಬುದನ್ನು ವೈದ್ಯರು ಗುರುತಿಸುತ್ತ ಬಂದರು. ಮೈಕೇಲ್ ಮಾರ್ಮಟ್ ಮೊದಲಾದವರು 1978ರಲ್ಲಿ ಪ್ರಕಟಿಸಿದ ಫಲವು ವಿಸ್ಮಯಕರವಾಗಿತ್ತು. ಏಳೂವರೆ ವರ್ಷಗಳಲ್ಲಿ, ಕಟ್ಟಕಡೆಯ ದರ್ಜೆಯ ಜವಾನರಲ್ಲಿ ಹೃದ್ರೋಗದ ಮರಣವು ಅತ್ಯುನ್ನತ ದರ್ಜೆಯವರಲ್ಲಿದ್ದುದರ ಮೂರು ಪಟ್ಟಿಗೂ ಮಿಕ್ಕಿದ್ದಿತು! ಅಷ್ಟೇ ಅಲ್ಲ; ನಡುವಿನ ಮೆಟ್ಟಿಲುಗಳಲ್ಲಿಯೂ ಕೆಳಗಿಳಿದಂತೆಲ್ಲ ಅಪಾಯವು ಏರುತ್ತಿದ್ದಿತು. ಧೂಮಪಾನ, ರಕ್ತದೊತ್ತಡ ಮುಂತಾದುವನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರದಲ್ಲಿ ಅರ್ಧಕ್ಕೂ ಕಾರಣ ಸಿಗಲಿಲ್ಲ. ಕಡುಬಡತನವೆನ್ನೋಣವೆಂದರೆ, ಇವರೆಲ್ಲರೂ ನಿಶ್ಚಿತ ಸಂಬಳವುಳ್ಳವರು. 1948ರಿಂದ ಆ ದೇಶದಲ್ಲಿ ಚಿಕಿತ್ಸೆಯೂ ಬಹುಮಟ್ಟಿಗೆ ಉಚಿತ.

ಹಾಗಾದರೆ ಕಾರಣವೇನು? 1985ರಲ್ಲಿ ಆರಂಭವಾದ ಎರಡನೆಯ ಪರಿಶೋಧನೆಯಲ್ಲಿ 10,308 ಮಂದಿ ಸ್ತ್ರೀಪುರುಷರನ್ನು ಸೇರಿಸಿಕೊಂಡು, ಅವರ ಕೆಲಸದ ರೀತಿಯನ್ನೇ ವಿಚಾರಿಸಿದರು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಅದನ್ನು ಹೇಗೆ ಮಾಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ನಿಮಗೆಷ್ಟಿದೆ? ಈ ಅಧಿಕಾರ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು 1997ರಲ್ಲಿ ಪ್ರಕಟವಾಯಿತು. ಕೊರಗುವ ಸ್ವಭಾವದವನು ಎಲ್ಲವನ್ನೂ ದೂರುವನಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕಾಗಿಯೇ ಆ ಕೆಲಸದಲ್ಲಿ ಸ್ವಾತಂತ್ರ್ಯವೆಷ್ಟೆಂದು ಇತರರಿಂದಲೂ ಅಂದಾಜು ಮಾಡಿಸಿದ್ದರು. ಆ ಅಂದಾಜಿನಿಂದಲೂ ಅದೇ ಫಲ.

ಕೆಲಸದ ಹೊರೆಯಿಂದ ಮನಸ್ಸಿಗೆ ಕೇಡಿಲ್ಲವೆಂದು ಇದರ ಅರ್ಥವಲ್ಲ. ಅತಿಯಾದ ಒತ್ತಾಯವೂ, ದುಡಿಮೆಗೆ ತಕ್ಕ ಮನ್ನಣೆ ದೊರೆಯದಿರುವುದೂ ಮನೋವ್ಯಾಧಿಗೆ ದಾರಿಯೆಂದು 1999ರಲ್ಲಿ ಇದೇ ನೌಕರರನ್ನು ಕುರಿತ ಲೇಖನವೊಂದು ತಿಳಿಸಿತು. ಮೇಲಧಿಕಾರಿಯ ಹಾಗೂ ಜೊತೆಗಾರರ ಆಸರೆಯಿದ್ದಲ್ಲಿ ಮನಸ್ಸು ಗಟ್ಟಿಯಾಗಿರುವುದೆಂಬುದೂ ಅದರಿಂದಲೇ ತೋರಿಬಂದಿತು.

‘ಸ್ವಸ್ಥ’ನೆಂದರೆ ತನ್ನಲ್ಲಿ ತಾನು ನೆಲೆಸಿದವನು. ಹುಡುಗರಿಗೆ ಈ ಪದದ ವಿಗ್ರಹವಾಕ್ಯವನ್ನು ಬಾಯಿಪಾಠ ಮಾಡಿಸಿದೆನೇ ಹೊರತು, ದಿನವೆಲ್ಲ ಪರರ ಕೈಸನ್ನೆಗೆ ಏಳುವವನು ತನ್ನಲ್ಲಿ ನೆಲೆಸುವುದೆಂತು ಎಂದು ನಾನು ಯೋಚಿಸಿದವನಲ್ಲ. ಸಂಜೆ ಕಚೇರಿಯಿಂದ ಬಂದ ಮಗನು ಮಾತಿಲ್ಲದೆ ಮೂಲೆಯಲ್ಲಿ ಕುಳಿತರೆ, ‘ಕೂತು ಬರೆಯುವ ಕೆಲಸಕ್ಕೆ ಇಷ್ಟು ಆಯಾಸವೆ?’ ಎಂದು ಹಂಗಿಸುವ ಹಿರಿಯರಲ್ಲಿ ನಾನೂ ಒಬ್ಬನು.

ನಮ್ಮ ಜವಾನನ ಮಾತಿಗೆ ಬರುತ್ತೇನೆ. ಇಪ್ಪತ್ತು ವರ್ಷ ಗಂಟೆ ಬಾರಿಸಿದ ಆತನಿಗೆ, ಪ್ರತಿ ಪಾಠ ಮುಗಿದಾಗಲೂ ನಾನು ಕಿಟಕಿಯಿಂದ ಕೈಯೆತ್ತಿ ಅಪ್ಪಣೆ ಕೊಡಬೇಕೆಂಬ ನಿಯಮವನ್ನಿಟ್ಟಿದ್ದೆನು. ಗೋಡೆಯ ಗಡಿಯಾರವು ಆತನ ಮುಕ್ಕಾಲಿಯ ಎದುರಿಗೇ ಇದ್ದಿತು.