ಖಾತೆಗೆ ಎರಡನೆಯ ಬೀಗ ಹಾಕಿರಿ



ಪಾಲಿಬೆಟ್ಟದ ಸುತ್ತಮುತ್ತ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿ ಮಾರಾಟವಾದ ಮೇಲೆ ವರ್ಷದ ಹಣವು ಬ್ಯಾಂಕಿನ ಖಾತೆಗೆ ಬಂದು ಸೇರುತ್ತದೆ. ಕೂಲಿ, ಗೊಬ್ಬರ, ಸಾಲದ ಕಂತು, ಮಕ್ಕಳ ಓದು ಎಲ್ಲವೂ ಅದರಿಂದಲೇ ನಡೆಯಬೇಕು. ಈಗ ಆ ಖಾತೆಯ ಬಾಗಿಲು ನಮ್ಮ ಜೇಬಿನ ಮೊಬೈಲಿನಲ್ಲಿದೆ. ಅದನ್ನು ಭದ್ರಪಡಿಸುವ ಬಗೆಯನ್ನು ಪ್ರತಿಯೊಬ್ಬರೂ ತಿಳಿದಿರುವುದು ಅವಶ್ಯಕ.

ಎರಡು ಹಂತದ ಪರಿಶೀಲನೆ ಎಂದರೇನು?

ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈಗಳಿರುತ್ತವೆ. ಒಂದು ಬ್ಯಾಂಕಿನವರಲ್ಲಿ, ಇನ್ನೊಂದು ನಿಮ್ಮಲ್ಲಿ. ಎರಡೂ ಸೇರದೆ ಅದು ತೆರೆಯುವುದಿಲ್ಲ. ಮೊಬೈಲಿನ ಖಾತೆಗೂ ಇದೇ ಕ್ರಮ. ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರುವ ಗುಟ್ಟು. ಓಟಿಪಿಯು ನಿಮ್ಮ ಕೈಯಲ್ಲಿರುವ ಫೋನಿಗೇ ಬರುವ ಅಂಕಿ. ಒಂದು ಕಳುವಾದರೂ ಇನ್ನೊಂದಿಲ್ಲದೆ ಕಳ್ಳನು ಒಳಗೆ ಬರಲಾರ. ಕಾರ್ಡಿನಿಂದ ಆನ್‌ಲೈನ್ ಹಣ ಕೊಡುವಾಗ ಇಂತಹ ಎರಡನೆಯ ಪರೀಕ್ಷೆ ಇರಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿಯೇ ವಿಧಿಸಿತು.

ಒಂದೇ ಬೀಗ ಸಾಲದು

ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ಏರ್ಪಾಡಿನಲ್ಲಿ ಪಿನ್ ಕೇಳುತ್ತಿರಲಿಲ್ಲ, ಓಟಿಪಿಯೂ ಇರಲಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ಕದ್ದ ದೂರುಗಳು ಬಂದವು. ಪಾಸ್‌ವರ್ಡನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೇ? ಆದ್ದರಿಂದ ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡಿರಿ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು.

ತಾವು ಮಾಡತಕ್ಕ ಕೆಲಸಗಳು

1. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಖಾತೆ’ ಎಂಬಲ್ಲಿಗೆ ಹೋಗಿ ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ, 6 ಅಂಕಿಗಳ ಪಿನ್ ಇಟ್ಟುಕೊಳ್ಳಿರಿ. ಹುಟ್ಟಿದ ದಿನಾಂಕ ಬೇಡ.

2. ಗೂಗಲ್ ಖಾತೆಗೂ ಹೀಗೆಯೇ ಮಾಡಿರಿ. ಕಕ್ಕಡದ ಮಳೆಯಲ್ಲಿ ಸಿಗ್ನಲ್ ಹೋದರೆ ಓಟಿಪಿ ಬಾರದು. ಅದಕ್ಕಾಗಿ ಗೂಗಲ್ 10 ಬದಲಿ ಸಂಕೇತಗಳನ್ನು ಕೊಡುತ್ತದೆ. ಅವನ್ನು ಕಾಗದದಲ್ಲಿ ಬರೆದು, ಜಮೀನಿನ ಪತ್ರಗಳೊಡನೆ ಭದ್ರವಾಗಿಡಿರಿ. ಅಥೆಂಟಿಕೇಟರ್ ಎಂಬ ಆ್ಯಪ್ ಸಿಗ್ನಲ್ ಇಲ್ಲದೆಯೂ 30 ಸೆಕೆಂಡಿಗೊಮ್ಮೆ ಹೊಸ ಸಂಕೇತ ತೋರಿಸುತ್ತದೆ.

3. ‘ಕಿಸಾನ್ ಕಂತು ಬಂದಿದೆ’ ಎಂದು ವಾಟ್ಸಾಪಿನಲ್ಲಿ ಬರುವ ಆ್ಯಪ್ ಕಡತವನ್ನು ತೆರೆಯಬೇಡಿರಿ. ಇಂತಹ ಆ್ಯಪಿಗೆ ಸಂದೇಶ ಓದುವ ಅನುಮತಿ ಕೊಟ್ಟರೆ, ನಿಮಗೆ ಬಂದ ಓಟಿಪಿಯು ಕಳ್ಳನಿಗೂ ತಲುಪುತ್ತದೆ.

4. ಬ್ಯಾಂಕಿನವರೆಂದು, ಅಧಿಕಾರಿಗಳೆಂದು ಯಾರೇ ಹೇಳಿದರೂ ಓಟಿಪಿ ತಿಳಿಸಬೇಡಿರಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ.

ಬೀಗ ಎಷ್ಟು ಗಟ್ಟಿಯಾದರೇನು, ಕೇಳಿದವನಿಗೆ ಕೀಲಿಕೈಯನ್ನು ನಾವೇ ಕೊಟ್ಟರೆ ಫಲವಿಲ್ಲ. ಇಷ್ಟಾಗಿಯೂ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬಾರದು. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಂಭವ ಹೆಚ್ಚು.

ಈ ಕೆಲಸಕ್ಕೆ ಕಾಸು ಖರ್ಚಿಲ್ಲ, ಅರ್ಧ ಗಂಟೆಯ ಬಿಡುವು ಸಾಕು. ಇಂದೇ ಮಾಡಿರಿ, ಮನೆಯ ಹಿರಿಯರಿಗೂ, ನೆರೆಯವರಿಗೂ ಮಾಡಿಕೊಡಿರಿ.