ಮಾಸ್ಕೋ ಹತ್ತಿರವೋ, ವ್ಲಾಡಿವೊಸ್ಟಾಕ್ ಹತ್ತಿರವೋ?

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ದ್ವೀಪಸ್ತೋಮದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ನಡುಗಡ್ಡೆಗಳಿವೆ. 1967ರಿಂದ ಅವೆರಡರ ಮಧ್ಯೆ ವಿಮಾನ ಓಡಾಡುತ್ತಿದೆ. ದೂರ 2.7 ಕಿಲೋಮೀಟರ್, ಪ್ರಯಾಣ ಎರಡು ನಿಮಿಷದ್ದು. ಗಾಳಿ ಹಿಂದಿನಿಂದ ಬೀಸಿದ ಒಂದು ದಿನ 53 ಸೆಕೆಂಡಿಗೇ ಮುಟ್ಟಿದ ದಾಖಲೆಯೂ ಇದೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಒಂದೊಂದು ರನ್‌ವೇಯೂ 4 ಕಿಲೋಮೀಟರ್ ಉದ್ದ. ಆ ವಿಮಾನದ ಇಡೀ ಯಾನವನ್ನು ತಂದು ದೇವನಹಳ್ಳಿಯ ರನ್‌ವೇ ಮೇಲೆ ಹಾಸಿದರೂ ಒಂದು ಕಿಲೋಮೀಟರಿಗೂ ಮಿಕ್ಕಿ ಜಾಗ ಉಳಿಯುತ್ತದೆ.

ಇದು ಒಂದು ತುದಿ. ಇನ್ನೊಂದು ತುದಿಯಲ್ಲಿ ಸಿಂಗಪುರ–ನ್ಯೂಯಾರ್ಕ್ ವಿಮಾನವಿದೆ: 15,300 ಕಿಲೋಮೀಟರಿಗೂ ಹೆಚ್ಚು, ಎಲ್ಲೂ ಇಳಿಯದೆ ಹದಿನೆಂಟು ಗಂಟೆಗಿಂತ ಮೇಲೆ. ಆರ್ಕ್ನಿಯ ವಿಮಾನ ಐದೂವರೆ ಸಾವಿರಕ್ಕೂ ಹೆಚ್ಚು ಸಲ ಹಾರಿದರೆ ಇದರ ಒಂದು ಸಲಕ್ಕೆ ಸಮ. ಈ ಮಾರ್ಗಕ್ಕೆಂದೇ ಏರ್‌ಬಸ್ ಕಂಪನಿ ತನ್ನ ಎ350 ವಿಮಾನದಲ್ಲಿ 1,65,000 ಲೀಟರ್ ಇಂಧನ ಹಿಡಿಸುವಂತೆ ಮಾಡಿಕೊಟ್ಟಿತು. ಆದರೆ ಸೀಟು ಬರೀ 161. ತಲೆಗೆ ಸಾವಿರ ಲೀಟರಿಗೂ ಮೇಲಾಯಿತು! ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಸಾವಿರ ಲೀಟರ್ ಹಾಕಿದರೆ 15,000 ಕಿಲೋಮೀಟರ್ ಓಡುತ್ತದೆ. ಸಮುದ್ರದ ಮೇಲೆ ರಸ್ತೆಯೊಂದು ಇದ್ದಿದ್ದರೆ ಅಷ್ಟೂ ಜನ ಒಬ್ಬೊಬ್ಬರೇ ಒಂದೊಂದು ಕಾರು ಹತ್ತಿ ನ್ಯೂಯಾರ್ಕಿಗೆ ಹೊರಟ ಲೆಕ್ಕ.

ಇನ್ನೂ ಸ್ವಾರಸ್ಯ ತೂಕದಲ್ಲಿದೆ. ನೆಲ ಬಿಡುವಾಗ ಆ ವಿಮಾನ ತೂಗಬಹುದಾದ ಗರಿಷ್ಠ ಭಾರ 280 ಟನ್. ತುಂಬಿದ ಟ್ಯಾಂಕಿನ ಇಂಧನವೇ 130 ಟನ್ನಿನಷ್ಟು. ಹೆಚ್ಚುಕಡಿಮೆ ಅರ್ಧ! ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೇ ಹೊತ್ತು ತಿರುಗಬೇಕು. ಹಾಗೆ ಹೊರುವುದಕ್ಕೇ ಒಂದಷ್ಟು ಇಂಧನ ಉರಿಯುತ್ತದೆ. ಭಾರ ಇಳಿಸಲು ಜನರನ್ನು ಕಡಿಮೆ ಮಾಡಬೇಕು, ಕಡಿಮೆಯಾದವರ ಖರ್ಚು ಉಳಿದವರ ತಲೆಗೆ ಬರುತ್ತದೆ. ಆ ವಿಮಾನದಲ್ಲಿ ಎಕಾನಮಿ ದರ್ಜೆಯೇ ಇಲ್ಲ. ಟಿಕೆಟ್ ಹುಡುಕುವಾಗ ನಡುವೆ ಇಳಿದು ಹತ್ತುವ ದಾರಿ ಎಷ್ಟೋ ಸಲ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ನೇರ ವಿಮಾನ ನಾಲ್ಕು ಗಂಟೆ ಉಳಿಸುತ್ತದೆ, ನಿಜ. ಆ ನಾಲ್ಕು ಗಂಟೆಗೆ ಕೊಡುವ ಬೆಲೆಯನ್ನು ಗಂಟೆಯ ಲೆಕ್ಕದಲ್ಲಿ ಭಾಗಿಸಿ ನೋಡಿದವರು ಕಡಿಮೆ.

ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾಗಿ ಬೆಂಗಳೂರಿನಿಂದ ಎಷ್ಟೇ ದೂರ ಹೋದರೂ 20,000 ದಾಟುವಂತಿಲ್ಲ. ದಾಟಿದರೆ ವಾಪಸು ಬರುತ್ತಿದ್ದೀರಿ ಎಂದರ್ಥ. ಆ 20,000ದ ಬಿಂದು, ಅಂದರೆ ನಮ್ಮ ಕಾಲಡಿಗೆ ನೇರ ಆಚೆ ಬದಿ, ಪೆಸಿಫಿಕ್ ಸಾಗರದ ಮಧ್ಯೆ ಇದೆ. ಸುತ್ತ ಎಲ್ಲೆಲ್ಲೂ ಬರೀ ನೀರು. ಜನವಸತಿಯಿರುವ ಹತ್ತಿರದ ನೆಲವೆಂದರೆ ಈಸ್ಟರ್ ದ್ವೀಪ, ಅದೂ 1,700 ಕಿಲೋಮೀಟರ್ ಆಚೆ. ಪ್ರವಾಸಕ್ಕೆ ಆ ಜಾಗ ಬೇಡ, ಬಿಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರವಾಗಿ ಬಂದ ಏರ್ ಇಂಡಿಯಾ ವಿಮಾನ, ಚಾಲಕ ತಂಡದವರೆಲ್ಲ ಮಹಿಳೆಯರೇ ಆಗಿದ್ದದ್ದು, ಉತ್ತರ ಧ್ರುವದ ಮೇಲಿನಿಂದಲೇ ಹಾದು ಬಂತು. ಸುಮಾರು 14,000 ಕಿಲೋಮೀಟರ್. ಸಾಧ್ಯವಿರುವ ಗರಿಷ್ಠ ದೂರದ ನೂರಕ್ಕೆ ಎಪ್ಪತ್ತರಷ್ಟು, ಸುಮಾರು ಹದಿನೇಳು ಗಂಟೆಯಲ್ಲಿ ಮುಗಿಯಿತು. ಅದೇ ರಸ್ತೆಯ ಕಾಲ ನೋಡಿ: 1957ರ ಏಪ್ರಿಲ್ 15ರಂದು ಲಂಡನ್ನಿನಿಂದ ಕಲ್ಕತ್ತಾಕ್ಕೆ ಹೊರಟ ಬಸ್ಸೊಂದು ತಲುಪಿದ್ದು ಜೂನ್ 5ಕ್ಕೆ. ಟಿಕೆಟ್ 85 ಪೌಂಡ್. ಎರಡು ತಿಂಗಳ ರಜೆ ಇದ್ದವರಿಗೆ ಈಗಲೂ ನಾನು ಅದನ್ನೇ ಹೇಳುತ್ತಿದ್ದೆ, ಬಸ್ಸು ಇದ್ದಿದ್ದರೆ.

ಖಂಡ ದಾಟುವುದು ಹೀಗೆ ಸಲೀಸಾಯಿತು. ಇಳಿದ ಮೇಲಿನ ಲೆಕ್ಕವೇ ಕೈಕೊಡುವುದು. ನಾರ್ವೆ ನಕ್ಷೆಯಲ್ಲಿ ಸಣ್ಣ ದೇಶ. ನಾಲ್ಕು ದಿನ ಸಾಕು ಅನ್ನಿಸುತ್ತದೆ. ಆದರೆ ಅದರ ಈಶಾನ್ಯ ಮೂಲೆಯ ಕಿರ್ಕೆನೆಸ್ ಊರು ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕಿದೆ. ಸಮುದ್ರ ದೇಶದೊಳಕ್ಕೆ ನಾಲಿಗೆ ಚಾಚಿದ ಹಾಗಿರುವ ಫ್ಯೋರ್ಡ್‌ಗಳಲ್ಲಿ ಸೋಗ್ನೆಫ್ಯೋರ್ಡ್ ಒಂದೇ 200 ಕಿಲೋಮೀಟರಿಗಿಂತ ಉದ್ದ, ಆಳ 1,300 ಮೀಟರ್. ಎದುರು ದಂಡೆ ಕಣ್ಣಿಗೆ ಕಾಣುತ್ತಿರುತ್ತದೆ, ರಸ್ತೆ ಮಾತ್ರ ಸುತ್ತಿ ಸುತ್ತಿ ಹೋಗುತ್ತದೆ. ಅದಕ್ಕೇ ಅಲ್ಲಿ 1893ರಿಂದಲೂ ಕರಾವಳಿ ಹಡಗು ನಡೆಯುತ್ತಿದೆ. ಬರ್ಗೆನ್‌ನಿಂದ ಕಿರ್ಕೆನೆಸ್‌ಗೆ ಹೋಗಿ ಬರಲು 12 ದಿನ, ದಾರಿಯಲ್ಲಿ 34 ಬಂದರು. ಕೆಲವು ಬಂದರುಗಳನ್ನು ಹೋಗುವಾಗ ನಡುರಾತ್ರಿ, ಬರುವಾಗ ಹಗಲು ಮುಟ್ಟುತ್ತದೆ. ಹೋಗುವಾಗ ನಿದ್ದೆಯಲ್ಲಿ ತಪ್ಪಿದ್ದು ಬರುವಾಗ ಸಿಗುತ್ತದೆ.

ಪ್ಯಾಕೇಜ್ ಟೂರಿನವರು ಮಾತ್ರ ಗಂಟೆಯನ್ನೂ ಎಣಿಸುವುದಿಲ್ಲ, ಕಿಲೋಮೀಟರನ್ನೂ ಎಣಿಸುವುದಿಲ್ಲ. ಅವರು ಎಣಿಸುವುದು ದೇಶಗಳನ್ನು. ‘ಹತ್ತು ದಿನ, ಏಳು ದೇಶ’ ಎಂಬ ಜಾಹೀರಾತಿನಲ್ಲಿ ವ್ಯಾಟಿಕನ್ನೂ ಒಂದು ದೇಶ. ಅದರ ವಿಸ್ತೀರ್ಣ ಅರ್ಧ ಚದರ ಕಿಲೋಮೀಟರೂ ಇಲ್ಲ. 240 ಎಕರೆಯ ನಮ್ಮ ಲಾಲ್‌ಬಾಗಿನೊಳಗೆ ಎರಡು ವ್ಯಾಟಿಕನ್ ಕೂರುತ್ತವೆ. ರಷ್ಯಾ 1.71 ಕೋಟಿ ಚದರ ಕಿಲೋಮೀಟರ್. ಅದೂ ಒಂದು ದೇಶ. ಇನ್ನು ಯುರೋಪಿನ ಒಂದೇ ಷೆಂಗೆನ್ ವೀಸಾದಲ್ಲಿ ತಿರುಗಬಹುದಾದ ದೇಶಗಳು ಈಗ 29. ಒಟ್ಟು ವಿಸ್ತೀರ್ಣ ಭಾರತಕ್ಕಿಂತ ದೊಡ್ಡದು, ಶುಲ್ಕ 90 ಯೂರೊ. ವೀಸಾ ದೃಷ್ಟಿಯಿಂದ ನೋಡಿದರೆ ಅಷ್ಟೂ ಸೇರಿ ಒಂದೇ ದೇಶ ಎಂದು ತಿಳಿದವನೇ ಜಾಣ. ಗಡಿ ದಾಟಿದ ಲೆಕ್ಕ ಇಟ್ಟು ಪ್ರಯೋಜನವಿಲ್ಲ.

ರೈಲಿಗೆ ಬರೋಣ. ಟೋಕಿಯೊದಿಂದ ಶಿನ್-ಒಸಾಕಾಗೆ 515 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಇಷ್ಟೇ. ನಾವು ರಾತ್ರಿ ಬಸ್ಸು ಹತ್ತಿ ಮಲಗುವ ದೂರ. 1964ರ ಅಕ್ಟೋಬರ್ 1ರಂದು ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಶುರುವಾದಾಗ ಇದಕ್ಕೆ ನಾಲ್ಕು ಗಂಟೆ ಬೇಕಿತ್ತು. ಈಗ ವೇಗದ ರೈಲಾದ ನೊಜೊಮಿಯಲ್ಲಿ ಎರಡು ಗಂಟೆ ಇಪ್ಪತ್ತೆರಡು ನಿಮಿಷದ ಸುಮಾರು. ವೇಗ ನನ್ನನ್ನು ಅಷ್ಟು ಬೆರಗುಗೊಳಿಸುವುದಿಲ್ಲ, ಸಂಖ್ಯೆ ಬೆರಗುಗೊಳಿಸುತ್ತದೆ. ಒಂದು ರೈಲಿಗೆ 16 ಬೋಗಿ, 1,323 ಸೀಟು. ದಟ್ಟಣೆಯ ಹೊತ್ತಿನಲ್ಲಿ ನೊಜೊಮಿಯೇ ಗಂಟೆಗೆ 12ರವರೆಗೆ ಹೊರಡುತ್ತದೆ, ಅಂದರೆ ಐದೈದು ನಿಮಿಷಕ್ಕೊಂದು. ಗಂಟೆಯಲ್ಲಿ ಒಂದೇ ದಿಕ್ಕಿಗೆ 15,876 ಸೀಟು! ಎ350ರ ಆ 161 ಸೀಟಿನ ಲೆಕ್ಕದಲ್ಲಿ ಇದು 98 ವಿಮಾನಕ್ಕೂ ಮೀರಿದ್ದು. ಇಷ್ಟು ಓಡಿಯೂ ಸರಾಸರಿ ವಿಳಂಬ ಒಂದೆರಡು ನಿಮಿಷ ಮೀರುವುದಿಲ್ಲ. ಜಪಾನಿಗೆ ಹೋಗುವವರು ಊರಿಂದೂರಿಗೆ ವಿಮಾನದ ಟಿಕೆಟ್ ತೆಗೆದಿಟ್ಟರೆ ನನಗೆ ಸಂಕಟವಾಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ ಸರಕು ಮಾರುತ್ತಾರೆ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಜರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ 291 ಕಿಲೋಮೀಟರ್ ಹೋಗಲು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ಸರಾಸರಿ ಗಂಟೆಗೆ 36 ಕಿಲೋಮೀಟರ್. ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದಾರಿಯಲ್ಲಿ 91 ಸುರಂಗ, 291 ಸೇತುವೆ. ಸರಾಸರಿ ಕಿಲೋಮೀಟರಿಗೊಂದು ಸೇತುವೆ. ಕಡಿದಾದ ಏರಿನಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಗೆ ಗಾಲಿ ಕಚ್ಚಿಕೊಂಡು ಹತ್ತುತ್ತದೆ. ಓಬರಾಲ್ಪ್ ಕಣಿವೆದಾರಿ 2,033 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿಗಿಂತ ನೂರು ಮೀಟರ್ ಮೇಲೆ, ಕಿಟಕಿ ಪಕ್ಕ ಕೂತು ಊಟ ಮಾಡುತ್ತಾ ದಾಟಬಹುದು.

ಕೊನೆಗೆ ರಷ್ಯಾದ ಟ್ರಾನ್ಸ್-ಸೈಬೀರಿಯನ್ ರೈಲು. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ಗೆ 9,289 ಕಿಲೋಮೀಟರ್, ಒಂದು ವಾರದ ಹತ್ತಿರ. ಇದರಲ್ಲಿ ಹೋಗಬೇಕೆಂದವರೆಲ್ಲ ವಾಡಿಕೆಯಂತೆ ಮಾಸ್ಕೋದಿಂದ ಶುರುಮಾಡುತ್ತಾರೆ, ಅದೇ ನಮಗೆ ಹತ್ತಿರ ಎಂಬ ಭಾವನೆಯಲ್ಲಿ. ಅಳೆದು ನೋಡಿದೆ: ಬೆಂಗಳೂರಿನಿಂದ ಮಾಸ್ಕೋಗೆ ಆಕಾಶಮಾರ್ಗದಲ್ಲಿ ಸುಮಾರು 5,860 ಕಿಲೋಮೀಟರ್. ಜಪಾನಿನ ಪಕ್ಕದಲ್ಲಿರುವ ವ್ಲಾಡಿವೊಸ್ಟಾಕ್‌ಗೆ ಸುಮಾರು 6,160. ವ್ಯತ್ಯಾಸ ಬರೀ 300! ಆ ಎರಡು ಊರುಗಳ ನಡುವಿನ ಆಕಾಶಮಾರ್ಗ 6,420. ಹತ್ತಿರಹತ್ತಿರ ಸಮಬಾಹು ತ್ರಿಭುಜ, ಒಂದು ಮೂಲೆಯಲ್ಲಿ ನಾವು.

ಹಾಗಿದ್ದರೆ ಯಾವ ತುದಿಯಿಂದ ಹತ್ತಬೇಕು? ಎರಡು ಊರುಗಳ ಗಡಿಯಾರಕ್ಕೆ ಏಳು ಗಂಟೆಯ ಅಂತರ. ಮಾಸ್ಕೋದಿಂದ ಪೂರ್ವಕ್ಕೆ ಹೊರಟರೆ ದಿನಕ್ಕೆ ಸುಮಾರು ಒಂದು ಗಂಟೆ ಕಳೆದುಹೋಗುತ್ತದೆ. ನಿದ್ದೆ ತಿಳಿಯಾಗುವ ಮೊದಲೇ ಬೆಳಗು. ವ್ಲಾಡಿವೊಸ್ಟಾಕ್‌ನಿಂದ ಪಶ್ಚಿಮಕ್ಕೆ ಹೊರಟರೆ ಆ ಗಂಟೆ ನಿಮ್ಮ ಕೈಗೆ ಬರುತ್ತದೆ. ಹೆಚ್ಚುಕಡಿಮೆ ಒಂದು ವಾರ, ದಿನಕ್ಕೆ 25 ಗಂಟೆ. ನಾನಾದರೆ ಅಲ್ಲಿಂದಲೇ ಹತ್ತುತ್ತೇನೆ.