ರೈತನ ಕೊಟ್ಟಿಗೆಯಲ್ಲೊಂದು ಬೆಸುಗೆ ಯಂತ್ರ

ಮೈಸೂರು ತಾಲ್ಲೂಕಿನ ಇಲವಾಲ, ಜಯಪುರ, ವರುಣ ಹೋಬಳಿಗಳ ಕೆಂಪು ಭೂಮಿಯಲ್ಲಿ ಮುಂಗಾರು ಪೂರ್ವದ ಒಂದು ಮಳೆ ಬಿದ್ದರೆ ಉಳುಮೆಗೆ ಹದ ಸಿಗುವುದು ಕೆಲವೇ ದಿನ. ಅಂತಹ ದಿನ ಕಲ್ಟಿವೇಟರಿನ ಒಂದು ಪಟ್ಟಿ ಮುರಿಯಿತೆನ್ನಿ. ಅದನ್ನು ಹೊತ್ತು ಮೈಸೂರಿನ ವರ್ಕ್‌ಷಾಪಿಗೆ ಬಂದರೆ ಅಲ್ಲಿ ಆಗಲೇ ಹತ್ತು ಜನರ ಸಾಮಾನು ಸರದಿಯಲ್ಲಿರುತ್ತದೆ. ಹತ್ತು ನಿಮಿಷದ ಬೆಸುಗೆಗಾಗಿ ಒಂದೂವರೆ ದಿನ ಕಳೆಯುತ್ತದೆ, ಅಷ್ಟರಲ್ಲಿ ಹೊಲದ ಹದ ಆರಿರುತ್ತದೆ. ನಾನು ಬೇಸಾಯ ಶಾಸ್ತ್ರದವನೇ ಹೊರತು ಇಂಜಿನಿಯರನಲ್ಲ. ಈ ವಿಷಯ ಬರೆಯಲು ಹೊರಟಿದ್ದು ಆ ಹದದ ಚಿಂತೆಯಿಂದಲೇ. ಹಿಂದೆ ಗುಳ ಕಾಸಿ ತಟ್ಟಿಕೊಡಲು ಊರಿನಲ್ಲೇ ಕುಲುಮೆ ಇರುತ್ತಿತ್ತು. ಈಗ ಎಷ್ಟೋ ಊರುಗಳಲ್ಲಿ ಅದು ಇಲ್ಲ.

ಹಳೆಯ ಬೆಸುಗೆ ಸೆಟ್ಟುಗಳು ಎಣ್ಣೆ ತುಂಬಿದ ಭಾರಿ ಟ್ರಾನ್ಸ್‌ಫಾರ್ಮರ್‌ಗಳು. ಕದಲಿಸಲು ಇಬ್ಬರು ಬೇಕಾಗಿತ್ತು. ಈಗ ಬಂದಿರುವ ಇನ್ವರ್ಟರ್ ಸೆಟ್ಟನ್ನು ಒಂದು ಕೈಯಲ್ಲಿ ಎತ್ತಬಹುದು, ಮನೆಯ ಸಿಂಗಲ್ ಫೇಸಿನಲ್ಲೇ ನಡೆಯುತ್ತದೆ. ರೈತರ ಕೆಲಸಕ್ಕೆ 200 ಆಂಪಿಯರಿನದು ಸಾಕು. 2.5 ಮಿ.ಮೀ. ರಾಡಿಗೆ 60ರಿಂದ 90, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಇಟ್ಟುಕೊಳ್ಳಬೇಕು. 80 ಆಂಪಿಯರಿನಲ್ಲಿ ಬೆಸೆಯುವಾಗ ಸೆಟ್ಟು ಲೈನಿನಿಂದ ಸುಮಾರು 13 ಆಂಪಿಯರ್ ಎಳೆಯುತ್ತದೆ. ಆದುದರಿಂದ 6 ಆಂಪಿಯರಿನ ಪ್ಲಗ್ಗಿಗಾಗಲಿ, ದೀಪದ ತೆಳು ವೈರಿಗಾಗಲಿ ಸಿಕ್ಕಿಸಬಾರದು. 16 ಆಂಪಿಯರ್ ಸಾಕೆಟ್, 4 ಚದರ ಮಿ.ಮೀ. ತಾಮ್ರದ ವೈರು, ಸರಿಯಾದ ಅರ್ತ್ ಇರಲೇಬೇಕು. ಪಂಪ್‌ಸೆಟ್ಟಿಗೆಂದು ಕೊಟ್ಟ ಲೈನಿಗೆ ಸೆಟ್ಟು ಹಚ್ಚುವವರನ್ನು ಕಂಡಿದ್ದೇನೆ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಅನಧಿಕೃತ ಬಳಕೆ, ದಂಡ ತೆರಬೇಕಾದೀತು.

ಕೈ ಕೂರುವುದಕ್ಕೆ ಮೊದಲು ಗುಜರಿ ಪಟ್ಟಿಗಳ ಮೇಲೆ ಒಂದು ಕಟ್ಟು ರಾಡಾದರೂ ಸುಡಬೇಕು. ರಾಡಿನ ತುದಿಗೂ ಲೋಹಕ್ಕೂ ನಡುವೆ ರಾಡಿನ ಒಳತಂತಿಯ ದಪ್ಪದಷ್ಟೇ ಅಂತರವಿರಲಿ. ಅಂತರ ಸರಿಯಿದ್ದರೆ ಎಣ್ಣೆಯಲ್ಲಿ ಹಪ್ಪಳ ಕರಿದಂತೆ ಒಂದೇ ಸಮನೆ ಸದ್ದು ಬರುತ್ತದೆ; ಹೆಚ್ಚಾದರೆ ಪಟಪಟ ಸಿಡಿಯುತ್ತದೆ. ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆದ ನಂತರವೇ ಎರಡನೆಯ ಪದರ. ಬೆಸೆದ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿ ನೋಡಿ. ಬೆಸುಗೆಯಲ್ಲೇ ಬಿಟ್ಟುಕೊಂಡು ಒಳಗೆ ಕಪ್ಪು ಕಿಟ್ಟ ಕಂಡರೆ ಇನ್ನೂ ಅಭ್ಯಾಸ ಬೇಕೆಂದು ತಿಳಿಯಬೇಕು.

ರೈತರು ಎಡವುವುದು ಹೆಚ್ಚಾಗಿ ಕಬ್ಬಿಣದ ಜಾತಿ ಗುರುತಿಸುವುದರಲ್ಲಿ. ಎಲ್ಲವೂ ಕಬ್ಬಿಣವೇ ಎಂದು ಒಂದೇ ರಾಡಿನಿಂದ ಬೆಸೆದರೆ ಹೊಲದ ಮೊದಲ ಸಾಲಿನಲ್ಲೇ ಮುರಿದು ಬೀಳುತ್ತದೆ. ಗುರುತಿಸಲು ಗ್ರೈಂಡರಿಗೆ ಹಿಡಿದು ಕಿಡಿ ನೋಡಬೇಕು. ಉದ್ದನೆಯ, ಹೆಚ್ಚು ಕವಲೊಡೆಯದ ಕಿಡಿ ಬಂದರೆ ಮೆತುವಾದ ಮೈಲ್ಡ್ ಸ್ಟೀಲ್. ಪಟ್ಟಿ, ಆಂಗಲ್, ಗೇಟು, ಕೇಜ್ ವೀಲಿನ ಕಂಬಿ ಬಹುಮಟ್ಟಿಗೆ ಇದರವು. ಇವಕ್ಕೆ 6013 ಎಂಬ ಸಾಮಾನ್ಯ ರಾಡು ಸಾಕು. ಕಿಡಿ ಹೂಬಾಣದಂತೆ ಒಡೆದು ಚಿಮ್ಮಿದರೆ ಹೆಚ್ಚು ಇಂಗಾಲದ ಉಕ್ಕು. ಕಲ್ಟಿವೇಟರಿನ ಗುಳ, ಸ್ಪ್ರಿಂಗ್ ಪಟ್ಟಿ ಈ ಜಾತಿ. ಗಿಡ್ಡನೆಯ ಮಂಕು ಕೆಂಪು ಕಿಡಿ ಬಂದರೆ ಎರಕದ ಕಬ್ಬಿಣ, ಅಂದರೆ ಪಂಪಿನ ಮೈ, ಗೇರ್ ಪೆಟ್ಟಿಗೆ ಮೊದಲಾದವು. ಇದಕ್ಕೆ ನಿಕ್ಕಲ್ ರಾಡು ಬೇಕು, ತಾಳ್ಮೆಯೂ ಬೇಕು. ಹೊಸಬರು ಕೈಹಾಕದಿರುವುದೇ ಲೇಸು.

ಗುಳವನ್ನು ಮಾತ್ರ ಮನೆಯಲ್ಲೇ ಮಾಡಬಹುದು. ಮೊದಲು ಕೆಂಡದಲ್ಲಿ ಕಾಸಬೇಕು. ಹನಿ ನೀರು ಚಿಮುಕಿಸಿದರೆ ಕಾದ ದೋಸೆ ಕಾವಲಿಯ ಮೇಲಿನಂತೆ ಉರುಳಿ ಓಡಬೇಕು. ಆಗ 7018 ರಾಡಿನಿಂದ ಬೆಸೆದು, ಕೂಡಲೇ ಒಣ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಡಬೇಕು. ಕುಲುಮೆಯಲ್ಲಿ ಗುಳವನ್ನು ನೀರಿಗೆ ಅದ್ದುತ್ತಿದ್ದರಲ್ಲ ಎಂದು ಕೇಳುವವರುಂಟು. ಅದು ಅಲಗಿಗೆ ಹದ ಕೊಡುವ ಕೆಲಸ, ಬೆಸುಗೆಯ ಕೆಲಸವಲ್ಲ. ಬಿಸಿ ಬೆಸುಗೆಗೆ ನೀರು ಸೋಕಿದರೆ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ ಸೀಳುತ್ತದೆ.

ರೋಟವೇಟರಿನ ಬ್ಲೇಡನ್ನು ಬೆಸೆಯಬೇಡಿ, ಬದಲಾಯಿಸಿ. ತುಂಡಾಗಿ ಹಾರಿದರೆ ಹಿಂದೆ ನಿಂತವರ ಕಾಲು ಹೋದೀತು. ಟ್ರೈಲರಿನ ಹಿಚ್, ಆ್ಯಕ್ಸಲ್, ಟ್ರ್ಯಾಕ್ಟರಿನ ಸ್ಟಿಯರಿಂಗ್ ಭಾಗಗಳನ್ನು ನುರಿತವರಿಗೇ ಬಿಡಬೇಕು. ಆ ಟ್ರೈಲರಿನಲ್ಲಿ ನಾಟಿಗೆ ಹೋಗುವ ಹೆಣ್ಣಾಳುಗಳು ಕೂತಿರುತ್ತಾರೆ. ಡೀಸೆಲ್ ಪೀಪಾಯಿ ಖಾಲಿಯಾಗಿದೆ ಎಂದು ಬೆಸೆಯಲು ಹೊರಡುವುದಂತೂ ಆತ್ಮಹತ್ಯೆಗೆ ಸಮ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ಜಿ.ಐ. ಪೈಪಿನ ಸತುವಿನ ಲೇಪ ಉಜ್ಜಿ ತೆಗೆಯದೆ ಬೆಸೆದರೆ ಆ ಹೊಗೆಯಿಂದ ಸಂಜೆ ಮಲೇರಿಯಾದಂತೆ ಚಳಿಜ್ವರ ಬರುತ್ತದೆ. ಟ್ರ್ಯಾಕ್ಟರಿಗೆ ಕೂಡಿದ ಭಾಗವನ್ನು ಬೆಸೆಯುವ ಮುನ್ನ ಬ್ಯಾಟರಿ ವೈರು ಬಿಚ್ಚಬೇಕು. ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು, ಇಲ್ಲದಿದ್ದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವನ್ನು ಕೆಡಿಸುತ್ತದೆ.

ಕಣ್ಣಿನ ವಿಷಯ ನನ್ನ ಅನುಭವವನ್ನೇ ಹೇಳುತ್ತೇನೆ. ಒಮ್ಮೆ ಪ್ರಯೋಗ ತಾಕಿನ ಕುಂಟೆಗೆ ‘ಎರಡು ಚುಕ್ಕೆ ತಾನೆ’ ಎಂದು ಕನ್ನಡಿಯಿಲ್ಲದೆ ಬೆಸೆದೆ. ಹಗಲು ಏನೂ ಆಗಲಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತಾಗಿ ಬೆಳಗಿನವರೆಗೆ ಗೋಡೆ ಹಿಡಿದು ಕೂತಿದ್ದೆ. ಆಲೂಗೆಡ್ಡೆ ಹೋಳಾಗಲಿ, ಎದೆಹಾಲಾಗಲಿ ಹಾಕದೆ ಕಣ್ಣಿನ ವೈದ್ಯರಲ್ಲಿ ತೋರಿಸಬೇಕು. 10 ಅಥವಾ 11 ನಂಬರಿನ ಕಪ್ಪು ಗಾಜಿನ ಮುಖವಾಡವೇ ಬೇಕು, ಬಿಸಿಲ ಕನ್ನಡಕ ಸಾಲದು. ನೋಡಲು ಸುತ್ತ ನೆರೆಯುವ ಮಕ್ಕಳನ್ನೂ ದೂರ ಕಳುಹಿಸಿ. ಒಣ ಚರ್ಮದ ಕೈಚೀಲ, ಹತ್ತಿ ಬಟ್ಟೆ ತೊಟ್ಟು, ನೆಲ ಒದ್ದೆಯಿದ್ದರೆ ಒಣ ಹಲಗೆಯ ಮೇಲೆ ನಿಲ್ಲಬೇಕು. ಹುಲ್ಲಿನ ಮೆದೆ, ಸೋಗೆ ಚಪ್ಪರಗಳ ಬಳಿ ಬೆಸೆಯಬಾರದು. ಕಿಡಿ ಹುಲ್ಲಿನೊಳಗೆ ಹೊಗೆಯಾಡುತ್ತಿದ್ದು ನಾವು ಊಟಕ್ಕೆ ಕೂತಾಗ ಉರಿಯೇಳುವುದುಂಟು. ಒಂದು ಬಕೆಟ್ ನೀರಿಟ್ಟುಕೊಂಡು, ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲಿಯೇ ಇರುವುದು ಒಳ್ಳೆಯದು.

ಮಳೆಗಾಲದಲ್ಲಿ ರಾಡು ತೇವ ಹೀರುತ್ತದೆ. ಅದರಲ್ಲಿ ಹಾಕಿದ ಬೆಸುಗೆ ತೂತುತೂತಾಗುತ್ತದೆ. 6013 ರಾಡನ್ನು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆ ಒಣಗಿಸಿ ಬಳಸಬಹುದು. 7018ಕ್ಕೆ 300 ಡಿಗ್ರಿಗೂ ಮೇಲಿನ ಶಾಖ ಬೇಕು, ಮನೆಯ ಒಲೆಯಲ್ಲಿ ಅಳೆದು ಕೊಡಲಾಗದು. ಅದನ್ನು ಗುಳದ ಕೆಲಸ ಬಂದಾಗ ಚಿಕ್ಕ ಪೊಟ್ಟಣ ತಂದು, ಒಡೆದ ದಿನವೇ ಮುಗಿಸಿ.